ಸೈಟ್ ಕೆಲಸ ಬಿಡದೆ ಸಿವಿಲ್‌ನಲ್ಲಿ ಆನ್‌ಲೈನ್ ಮಾಸ್ಟರ್ಸ್: ಎಲ್ಲಿಂದ ಶುರು ಮಾಡಬೇಕು?

"ಸೈಟ್ ಬಿಡೋಕಾಗಲ್ಲ. ಆದ್ರೆ ಎಂ.ಟೆಕ್. ಮಾಡಬೇಕು. ಆನ್‌ಲೈನ್‌ನಲ್ಲಿ ಆಗುತ್ತಾ?" ಈ ಪ್ರಶ್ನೆ ನನಗೆ ಮೇಲಿಂದ ಮೇಲೆ ಬರುತ್ತದೆ. ಕೇಳುವವರು ಹೆಚ್ಚಾಗಿ ಬಿ.ಇ. ಸಿವಿಲ್ ಮುಗಿಸಿ ಮೂರು ನಾಲ್ಕು ವರ್ಷ ಆದವರು. ಕೆಲವರು ಗುತ್ತಿಗೆದಾರರ ಹತ್ತಿರ ಇದ್ದಾರೆ, ಕೆಲವರು ಡಿಸೈನ್ ಆಫೀಸಿನಲ್ಲಿ, ಕೆಲವರು ಸರ್ಕಾರಿ ಇಲಾಖೆಯಲ್ಲಿ. ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಆಗುತ್ತದೆ. ಆದರೆ ನೀವು ಅಂದುಕೊಂಡ ಹೆಸರಿನಲ್ಲಿ, ಅಂದುಕೊಂಡ ಕಾಲೇಜಿನಲ್ಲಿ ಆಗದೆ ಇರಬಹುದು. ಹಾಗಾಗಿ ಫೀಸು, ಸಿಲಬಸ್, ರ್‍ಯಾಂಕಿಂಗ್ ಎಲ್ಲ ಆಮೇಲೆ ನೋಡೋಣ. ಮೊದಲು ಕೈಗೆ ಬರುವ ಕಾಗದಕ್ಕೆ ಬೆಲೆ ಇದೆಯಾ ಅಂತ ನೋಡಬೇಕು. ಸೈಟ್‌ಗೆ ಕಂಬಿ ಬಂದಾಗ ಟೆಸ್ಟ್ ಸರ್ಟಿಫಿಕೇಟ್ ನೋಡದೆ ಇಳಿಸಿಕೊಳ್ಳುತ್ತೀರಾ? ಇಲ್ಲ ಅಲ್ವಾ. ಇದೂ ಹಾಗೆಯೇ.

1. ಯಾವುದಕ್ಕೆ ಬೇಕು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ

ಮನಸ್ಸಿನಲ್ಲಿ ಇದ್ದರೆ ಸಾಲದು, ಕಾಗದದ ಮೇಲೆ ಬರೆಯಿರಿ. "ಕಾಲೇಜಿನಲ್ಲಿ ಪಾಠ ಮಾಡಬೇಕು." "ಸ್ಟ್ರಕ್ಚರಲ್ ಡಿಸೈನ್‌ಗೆ ಹೋಗಬೇಕು." "ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕು." "ಇಲಾಖೆಯಲ್ಲಿ ಬಡ್ತಿಗೆ ಅನುಕೂಲ ಆಗಬೇಕು." "ಹೊರದೇಶಕ್ಕೆ ಹೋಗಬೇಕು." ಗುರಿ ಬದಲಾದರೆ ದಾರಿಯೂ ಬದಲಾಗುತ್ತದೆ.

ಪಾಠ ಮಾಡುವ ಆಸೆ ಇದ್ದವರಿಗೆ ನನ್ನ ಸಲಹೆ ಇಷ್ಟೇ: ಆನ್‌ಲೈನ್ ಬೇಡ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇ. ಜೊತೆಗೆ ಎಂ.ಇ. ಅಥವಾ ಎಂ.ಟೆಕ್. ಕೇಳುತ್ತಾರೆ. ಬೇರೆ ಹೆಸರಿನ ಪದವಿ ತೆಗೆದುಕೊಂಡು ಹೋದರೆ ಸಂದರ್ಶನದಲ್ಲೇ ವಾದ ಶುರುವಾಗುತ್ತದೆ. ಗೇಟ್ (ಎಂ.ಟೆಕ್. ಪ್ರವೇಶಕ್ಕೆ ನೋಡುವ ರಾಷ್ಟ್ರಮಟ್ಟದ ಪರೀಕ್ಷೆ) ಬರೆದು ಪೂರ್ಣಾವಧಿ ಎಂ.ಟೆಕ್.ಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಸಿಗುತ್ತದೆ. ಆನ್‌ಲೈನ್ ಓದಿಗೆ ಅದಿಲ್ಲ.

ಹೊರದೇಶಕ್ಕೆ ಹೋಗಬೇಕೆನ್ನುವವರೂ ಒಂದು ಮಾತು ನೆನಪಿಡಿ. ಅಮೆರಿಕದ ವಿಶ್ವವಿದ್ಯಾಲಯದ ಕೋರ್ಸನ್ನು ಹಾಸನದಲ್ಲಿ ಕೂತು ಓದಿದರೆ ಪದವಿ ಸಿಗುತ್ತದೆ, ವೀಸಾ ಸಿಗುವುದಿಲ್ಲ. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ಕೊಡುವ ಒಪಿಟಿ ಅವಕಾಶ ವಿದ್ಯಾರ್ಥಿ ವೀಸಾದಲ್ಲಿ ಅಲ್ಲಿದ್ದು ಓದಿದವರಿಗೆ ಮಾತ್ರ.

ಉಳಿದವರಿಗೆ, ಅಂದರೆ ಈಗಿನ ಕೆಲಸದಲ್ಲೇ ಮೇಲೆ ಬರಬೇಕು, ಡಿಸೈನ್ ಅಥವಾ ಪ್ಲಾನಿಂಗ್ ಕಡೆ ಹೊರಳಬೇಕು ಅನ್ನುವವರಿಗೆ, ಆನ್‌ಲೈನ್ ಮಾಸ್ಟರ್ಸ್ ನಿಜಕ್ಕೂ ಒಳ್ಳೆಯ ದಾರಿ. ಸರ್ಕಾರಿ ನೌಕರರಾದರೆ ಮಾತ್ರ ಸೇರುವ ಮೊದಲೇ ಇಲಾಖೆಯಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಪದವಿ ಬಂದ ಮೇಲೆ ಸೇವಾ ಪುಸ್ತಕಕ್ಕೆ ಸೇರಿಸಲು ಹೋದರೆ ಮೊದಲು ಕೇಳುವುದೇ ಆ ಪತ್ರವನ್ನು.

2. ಪದವಿಗೆ ಮಾನ್ಯತೆ ಇದೆಯಾ ನೋಡಿ

ಹೆಚ್ಚು ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ದೇಶದಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2020ರಲ್ಲಿ ನಿಯಮ ಮಾಡಿದೆ. ಯಾವ ವಿಷಯಗಳನ್ನು ಹೀಗೆ ಕಲಿಸಬಾರದು ಅಂತ ಯುಜಿಸಿ ಪಟ್ಟಿ ಕೊಟ್ಟಿದೆ. ವೈದ್ಯಕೀಯ, ನರ್ಸಿಂಗ್, ಕಾನೂನಿನ ಜೊತೆ ಎಂಜಿನಿಯರಿಂಗ್ ಕೂಡ ಆ ಪಟ್ಟಿಯಲ್ಲಿದೆ. ಅಂದರೆ ಒಂದು ಸಾಮಾನ್ಯ ವಿಶ್ವವಿದ್ಯಾಲಯ "ಆನ್‌ಲೈನ್ ಎಂ.ಟೆಕ್. ಸಿವಿಲ್" ಅಂತ ಜಾಹೀರಾತು ಕೊಟ್ಟರೆ ಅಲ್ಲೇ ಅನುಮಾನ ಪಡಬೇಕು.

ಇಲ್ಲೊಂದು ಗೊಂದಲ ಇದೆ. ಮಾನ್ಯತೆ ಇರುವ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಹೇಳಿತು. ಮಾರಾಟ ಮಾಡುವವರು ಇದನ್ನೇ ತೋರಿಸುತ್ತಾರೆ. ಆ ಮಾತು ಅನುಮತಿ ಇರುವ ವಿಷಯಗಳಿಗೆ ಮಾತ್ರ, ಉದಾಹರಣೆಗೆ ಎಂಬಿಎ, ಎಂಸಿಎ. ನಿಷೇಧದ ಪಟ್ಟಿಯಲ್ಲಿರುವ ಎಂಜಿನಿಯರಿಂಗ್‌ಗೆ ಅದು ಅನ್ವಯಿಸುವುದಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನೆನಪಿಸಿಕೊಳ್ಳಿ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು (ಕೇಂದ್ರ ಸರ್ಕಾರದಿಂದ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆಗಳು) ಒಪ್ಪಿಗೆ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟಿದ್ದವು. 2001ರಿಂದ 2005ರವರೆಗೆ ಸೇರಿದವರ ಪದವಿಗಳನ್ನು ಕೋರ್ಟ್ ತಡೆಹಿಡಿದು, ಮತ್ತೆ ಪರೀಕ್ಷೆ ಬರೆದು ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಆಮೇಲೆ ಸೇರಿದವರ ಪದವಿಗಳು ರದ್ದಾದವು. ಎಷ್ಟೋ ವರ್ಷ ಕೆಲಸ ಮಾಡಿ ಬಡ್ತಿ ಪಡೆದವರಿಗೂ ಬಿಸಿ ತಟ್ಟಿತು. ತಪ್ಪು ಮಾಡಿದ್ದು ಸಂಸ್ಥೆ, ಅನುಭವಿಸಿದ್ದು ಓದಿದವರು.

ಹಾಗಾದರೆ ದಾರಿ ಯಾವುದು? ಎರಡು ಇವೆ.

ಮೊದಲನೆಯದು ಐಐಟಿಗಳಂಥ ರಾಷ್ಟ್ರೀಯ ಮಹತ್ವದ ಸಂಸ್ಥೆಗಳು. ಪದವಿ ಕೊಡುವ ಅಧಿಕಾರ ಐಐಟಿಗಳಿಗೆ ಬಂದಿರುವುದು 1961ರ ಸಂಸತ್ತಿನ ಕಾಯಿದೆಯಿಂದ. ಯಾವ ಕೋರ್ಸ್, ಹೇಗೆ ಅಂತ ಅವುಗಳ ಸೆನೆಟ್ ತೀರ್ಮಾನಿಸುತ್ತದೆ. ಐಐಟಿ ಕಾನ್ಪುರದ ಇ-ಮಾಸ್ಟರ್ಸ್ ಇಂಥದ್ದು. ಗೇಟ್ ಅಂಕ ಬೇಡ, ಕೆಲಸದಲ್ಲಿ ಇರುವವರಿಗೆಂದೇ ರೂಪಿಸಿದ್ದು, ಒಂದರಿಂದ ಮೂರು ವರ್ಷದಲ್ಲಿ ಮುಗಿಸಬಹುದು. ಆದರೆ ಅದರ ಹೆಸರು ಇ-ಮಾಸ್ಟರ್ಸ್, ಎಂ.ಟೆಕ್. ಅಲ್ಲ. ನಿಮ್ಮ ಗುರಿಗೆ ಈ ಹೆಸರು ಸಾಕಾ ಅಂತ ಮೊದಲ ಹಂತದ ಚೀಟಿ ಇಟ್ಟುಕೊಂಡು ನೋಡಿ. ಯಾವ ವಿಷಯ ಯಾವ ವರ್ಷ ಇರುತ್ತದೆ ಅನ್ನುವುದು ಬದಲಾಗುತ್ತಿರುತ್ತದೆ. ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ನೋಡಿ, ಮಧ್ಯವರ್ತಿಗಳ ಪುಟದಲ್ಲಿ ಬೇಡ.

ಎರಡನೆಯದು ಹೊರದೇಶದ ವಿಶ್ವವಿದ್ಯಾಲಯಗಳು. ಅಮೆರಿಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್, ಪರ್ಡ್ಯೂ ಮೊದಲಾದವು ಸಿವಿಲ್‌ನಲ್ಲಿ ಆನ್‌ಲೈನ್ ಎಂ.ಎಸ್. ಕೊಡುತ್ತವೆ. ಇಲ್ಲಿ ಅನೇಕರು "ಅಬೆಟ್ ಮಾನ್ಯತೆ ಇದೆಯಾ?" ಅಂತ ಕೇಳುತ್ತಾರೆ. ಅಬೆಟ್ ಅಲ್ಲಿನ ಎಂಜಿನಿಯರಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆ. ಆದರೆ ಅದು ಮುಖ್ಯವಾಗಿ ನೋಡುವುದು ಬಿ.ಇ. ಮಟ್ಟದ ಕೋರ್ಸುಗಳನ್ನು. ಮಾಸ್ಟರ್ಸ್‌ಗೆ ನೀವು ಕೇಳಬೇಕಾದ್ದು ಇಡೀ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯಾ ಅಂತ. ಮೇಲಿನ ಎರಡಕ್ಕೂ ಅದನ್ನು ಕೊಟ್ಟಿರುವುದು ಹೈಯರ್ ಲರ್ನಿಂಗ್ ಕಮಿಷನ್ ಅನ್ನುವ ಅಲ್ಲಿನ ಮಾನ್ಯತಾ ಸಂಸ್ಥೆ. ಬ್ರಿಟನ್ನಿನ ಎಂ.ಎಸ್ಸಿ. ಆದರೆ, ಸಿವಿಲ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಲ್ಲಿನ ಜಾಯಿಂಟ್ ಬೋರ್ಡ್ ಆಫ್ ಮಾಡರೇಟರ್ಸ್ ಪಟ್ಟಿಯಲ್ಲಿದೆಯಾ ನೋಡಿ. ಅಲ್ಲಿ ಮುಂದೆ ಚಾರ್ಟರ್ಡ್ ಎಂಜಿನಿಯರ್ (ವೃತ್ತಿಪರ ಮನ್ನಣೆ ಪಡೆದ ಎಂಜಿನಿಯರ್) ಆಗಲು ಅದು ನೆರವಾಗುತ್ತದೆ.

ಹೊರದೇಶದ ಪದವಿಯನ್ನು ನಮ್ಮ ಸರ್ಕಾರಿ ಕೆಲಸಕ್ಕೆ ಬಳಸಬೇಕಾದರೆ ಸಮಾನತೆ ಪ್ರಮಾಣಪತ್ರ ಬೇಕಾಗುತ್ತದೆ. ಆನ್‌ಲೈನ್ ಓದಿದವರಿಗೆ ಅದು ಸಲೀಸಾಗಿ ಸಿಗುತ್ತದೆ ಅಂತ ನಂಬಿಕೊಂಡು ಫೀಸು ಕಟ್ಟಬೇಡಿ.

ಯಾವ ದಾರಿ ಆದರೂ ಈ ಮೂರು ಪ್ರಶ್ನೆಗಳನ್ನು ಸಂಸ್ಥೆಗೆ ಇಮೇಲ್ ಮಾಡಿ. ಪ್ರಮಾಣಪತ್ರದ ಮೇಲೆ ಪದವಿಯ ಹೆಸರು ಏನೆಂದು ಬರುತ್ತದೆ? ಅದಕ್ಕೆ ಸಹಿ ಹಾಕುವುದು ಯಾವ ವಿಶ್ವವಿದ್ಯಾಲಯ? ಇದು ಪದವಿಯಾ, ಡಿಪ್ಲೊಮಾನಾ, ಬರೀ ಸರ್ಟಿಫಿಕೇಟಾ? ಫೋನಿನಲ್ಲಿ "ಹೌದು ಸರ್, ಹೌದು ಮೇಡಂ" ಅನ್ನುವುದು ಉತ್ತರವಲ್ಲ. ಬರಹದಲ್ಲಿ ಬರಲಿ. ಬಾರದಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

3. ಆನ್‌ಲೈನ್‌ಗೆ ಒಗ್ಗುವ ವಿಭಾಗ ಆರಿಸಿ

ಸಿವಿಲ್‌ನ ಎಲ್ಲ ವಿಭಾಗಗಳೂ ಕಂಪ್ಯೂಟರ್ ಮುಂದೆ ಕೂತು ಕಲಿಯುವಂಥವಲ್ಲ. ಸ್ಟ್ರಕ್ಚರಲ್ ಅನಾಲಿಸಿಸ್, ಫೈನೈಟ್ ಎಲಿಮೆಂಟ್, ಸಾರಿಗೆ ಯೋಜನೆ, ಜಲವಿಜ್ಞಾನದ ಮಾಡೆಲಿಂಗ್, ನಿರ್ಮಾಣ ನಿರ್ವಹಣೆ ಚೆನ್ನಾಗಿ ಒಗ್ಗುತ್ತವೆ. ಮಣ್ಣಿನ ಪರೀಕ್ಷೆ, ಕಾಂಕ್ರೀಟ್ ತಂತ್ರಜ್ಞಾನದಂಥವು ಕೈಯಲ್ಲಿ ಮುಟ್ಟಿ ಕಲಿಯಬೇಕಾದವು. ಮಣ್ಣಿನ ಬಲ ಅಳೆಯುವ ಟ್ರೈಆಕ್ಸಿಯಲ್ ಟೆಸ್ಟನ್ನು ವಿಡಿಯೊದಲ್ಲಿ ಎಷ್ಟು ಸಲ ನೋಡಿದರೂ ಸ್ಯಾಂಪಲ್ ಕೂರಿಸುವ ಕೈ ಬರುವುದಿಲ್ಲ. ನಿಮ್ಮ ಆಸಕ್ತಿ ಆ ಕಡೆ ಇದ್ದರೆ ಹತ್ತಿರದ ಕಾಲೇಜಿನ ಎಂ.ಟೆಕ್. ಬಗ್ಗೆ ಯೋಚಿಸಿ.

ಹೊರದೇಶದ ಕೋರ್ಸ್ ಆದರೆ ಕೋಡ್‌ಗಳೂ, ಅಂದರೆ ಡಿಸೈನ್ ನಿಯಮಗಳ ಪುಸ್ತಕಗಳೂ, ಬೇರೆ. ನೀವು ಐಎಸ್ 456 (ಕಾಂಕ್ರೀಟ್), ಐಎಸ್ 800 (ಉಕ್ಕು), ಐಎಸ್ 1893 (ಭೂಕಂಪ) ಓದಿ ಬಂದವರು. ಅಮೆರಿಕದಲ್ಲಿ ಎಸಿಐ 318 (ಕಾಂಕ್ರೀಟ್), ಎಐಎಸ್‌ಸಿ 360 (ಉಕ್ಕು) ಹಿಡಿದು ಪಾಠ ಮಾಡುತ್ತಾರೆ. ಅಳತೆ ಅಡಿ, ಕಿಪ್ (ಸಾವಿರ ಪೌಂಡ್ ಬಲ), ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಲೆಕ್ಕದಲ್ಲಿ. 4000 ಪಿಎಸ್‌ಐ ಕಾಂಕ್ರೀಟ್ ಅಂದರೆ 27.6 ಎಂಪಿಎ. ಹಾಗಂತ ಅದನ್ನು ನಮ್ಮ ಎಂ25 (25 ಎಂಪಿಎ ದರ್ಜೆಯ ಕಾಂಕ್ರೀಟ್) ಪಕ್ಕದಲ್ಲಿಟ್ಟು ನೋಡಬೇಡಿ. ಅವರದು ಸಿಲಿಂಡರ್ ಆಕಾರದ ಮಾದರಿ ಒಡೆದು ಅಳೆದ ಬಲ, ನಮ್ಮದು ಕ್ಯೂಬ್ ಒಡೆದು ಅಳೆದ ಬಲ. ಸಿಲಿಂಡರ್ ಬಲ ಕ್ಯೂಬ್‌ನ ಸುಮಾರು ಶೇ. 80 ಇರುತ್ತದೆ. ಹಾಗಾಗಿ ಅದು ನಮ್ಮ ಎಂ35ಕ್ಕೆ ಹತ್ತಿರ. ಮೊದಲ ಅಸೈನ್‌ಮೆಂಟ್‌ನಲ್ಲೇ ಅಂಕ ಹೋಗುವುದು ಇಂಥ ಕಡೆ. ತತ್ವ ಒಂದೇ ಆದ್ದರಿಂದ ಹೆದರಬೇಕಿಲ್ಲ. ಆದರೆ ಓದಿದ್ದನ್ನು ಇಲ್ಲಿನ ಕೆಲಸಕ್ಕೆ ಬಳಸಲು ಐಎಸ್ ಕೋಡ್ ಪಕ್ಕದಲ್ಲಿಟ್ಟು ಓದಬೇಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಈಗ ಭಾರತೀಯ ಮಾನಕಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ನೋಂದಾಯಿಸಿ ಇಳಿಸಿಕೊಳ್ಳಿ.

4. ಸೇರುವ ಮೊದಲು ನಿಮ್ಮನ್ನೇ ಒಮ್ಮೆ ಪರೀಕ್ಷಿಸಿ

ಇದನ್ನು ಯಾರೂ ಮಾಡುವುದಿಲ್ಲ. ದಯವಿಟ್ಟು ಮಾಡಿ. ಎನ್‌ಪಿಟೆಲ್ ಅಂತ ಇದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಉಚಿತ ಆನ್‌ಲೈನ್ ಪಾಠಗಳು. ನಿಮ್ಮ ವಿಭಾಗದ 12 ವಾರದ ಒಂದು ಕೋರ್ಸಿಗೆ ಸೇರಿ. ಪಾಠಕ್ಕೆ ದುಡ್ಡಿಲ್ಲ. ಪರೀಕ್ಷೆ ಬರೆಯುವುದಾದರೆ ಮಾತ್ರ ಸಣ್ಣ ಶುಲ್ಕ. ವಾರವಾರದ ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75.

ಪಾಠ ಅರ್ಥ ಆಗುತ್ತದಾ ಅನ್ನುವುದಕ್ಕಿಂತ ಸ್ಲ್ಯಾಬ್ ಕಾಂಕ್ರೀಟ್ ಇರುವ ವಾರದಲ್ಲೂ ಅಸೈನ್‌ಮೆಂಟ್ ಕಳಿಸಿದಿರಾ ಅನ್ನುವುದು ಮುಖ್ಯ. 12 ವಾರದಲ್ಲಿ 10 ವಾರ ಸರಿಯಾಗಿ ಕಳಿಸಿದ್ದರೆ ಧೈರ್ಯವಾಗಿ ಮುಂದೆ ಹೋಗಿ. ಐದನೇ ವಾರಕ್ಕೇ ಕೈಬಿಟ್ಟಿದ್ದರೆ ಲಕ್ಷಗಟ್ಟಲೆ ಕಟ್ಟುವ ಮೊದಲು ಕಾರಣ ಹುಡುಕಿ. ಅದು ಸೋಮಾರಿತನವೇ ಆಗಿರಬೇಕಿಲ್ಲ. ಸೈಟ್ ಹಾಗಿರಬಹುದು, ಮನೆಯ ಪರಿಸ್ಥಿತಿ ಹಾಗಿರಬಹುದು. ಆರು ತಿಂಗಳು ತಡೆದು ಮತ್ತೆ ನೋಡಿ.

ಇದೇ ಹೊತ್ತಿನಲ್ಲಿ ಮರೆತ ಗಣಿತವನ್ನೂ ತಿಕ್ಕಿಕೊಳ್ಳಿ. ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಈಕ್ವೇಶನ್, ಸಂಖ್ಯಾಶಾಸ್ತ್ರ ಇಷ್ಟು ಸಾಕು. ಸ್ವಲ್ಪ ಪೈಥಾನ್ ಕಲಿತರೆ ಮುಂದೆ ತುಂಬಾ ಸಮಯ ಉಳಿಯುತ್ತದೆ.

5. ಕಾಗದಪತ್ರ ಜೋಡಿಸಿ

ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಟ್ರಾನ್ಸ್‌ಕ್ರಿಪ್ಟ್, ಕೆಲಸದ ಅನುಭವದ ಪತ್ರ, ಇಬ್ಬರು ಮೂವರ ಶಿಫಾರಸು ಪತ್ರ ಬೇಕಾಗುತ್ತವೆ. ಟ್ರಾನ್ಸ್‌ಕ್ರಿಪ್ಟ್ ಅಂದರೆ ವಿಶ್ವವಿದ್ಯಾಲಯವೇ ದೃಢೀಕರಿಸಿ ಕೊಡುವ ಎಲ್ಲ ವಿಷಯಗಳ ಒಟ್ಟು ಅಂಕಪಟ್ಟಿ. ಇದು ಕೈಗೆ ಬರಲು ವಾರಗಟ್ಟಲೆ ಆಗಬಹುದು, ಹಾಗಾಗಿ ಮೊದಲು ಇದಕ್ಕೇ ಅರ್ಜಿ ಹಾಕಿ. ಹೊರದೇಶದ ಕೋರ್ಸ್ ಆದರೆ ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್, ಕೆಲವು ಕಡೆ ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯನ್ನೂ ಕೇಳುತ್ತಾರೆ.

ನಮ್ಮ ಕಡೆಯವರಿಗೆಂದೇ ಒಂದು ಎಚ್ಚರಿಕೆ, ಹೆಸರಿನ ಇನಿಷಿಯಲ್. ಅಂಕಪಟ್ಟಿಯಲ್ಲಿ "ಮಂಜುನಾಥ ಕೆ.ಎಸ್." ಅಂತ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತಾರೆ. ಆಧಾರ್‌ನಲ್ಲಿ ಇನ್ನೊಂದು ರೀತಿ. ಆನ್‌ಲೈನ್ ಪರೀಕ್ಷೆಯ ದಿನ ಗುರುತಿನ ಚೀಟಿ ತೋರಿಸುವಾಗ ಇದೇ ದೊಡ್ಡ ತಲೆನೋವಾಗುತ್ತದೆ. ಅರ್ಜಿ ಹಾಕುವಾಗಲೇ ಯಾವ ದಾಖಲೆಯ ಹೆಸರು ಬಳಸಬೇಕು ಅಂತ ಕೇಳಿ. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಬರೆಸಬೇಕೆಂದು ಓಡಾಡಬೇಡಿ. ನಿಮ್ಮ ಕೆಲಸವನ್ನು ದಿನಾ ನೋಡಿದ ಸೀನಿಯರ್ ಎಂಜಿನಿಯರ್ ಬರೆದ ಒಂದು ಪುಟಕ್ಕೆ ಜಾಸ್ತಿ ತೂಕ.

6. ಒಟ್ಟು ಖರ್ಚು ಕೂಡಿಸಿ

ಜಾಹೀರಾತಿನಲ್ಲಿ ಒಂದು ಸೆಮಿಸ್ಟರ್‌ನ ಅಥವಾ ಒಂದು ಕ್ರೆಡಿಟ್‌ನ (ಓದಿನ ಅಳತೆ, ವಿವರ ಮುಂದಿನ ಹಂತದಲ್ಲಿದೆ) ದರ ಮಾತ್ರ ಇರುತ್ತದೆ. ಅದನ್ನು ಒಟ್ಟು ಕ್ರೆಡಿಟ್‌ನಿಂದ ಗುಣಿಸಿ. ಇಲಿನಾಯ್‌ನದು 36 ಕ್ರೆಡಿಟ್, ಪರ್ಡ್ಯೂದು 30. ಅದಕ್ಕೆ ಅರ್ಜಿ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ ಸೇರಿಸಿ. ಇಲ್ಲಿನ ಕೋರ್ಸ್ ಆದರೆ ಹೇಳಿದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. ಹೊರದೇಶಕ್ಕೆ ಕಳಿಸುವುದಾದರೆ ಡಾಲರ್ ದರ ಏರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬ್ಯಾಂಕಿನಲ್ಲಿ ಟಿಸಿಎಸ್ ಬಗ್ಗೆ ವಿಚಾರಿಸಿ. ಅದು ಹಣ ಕಳಿಸುವಾಗಲೇ ಹಿಡಿಯುವ ತೆರಿಗೆ, ಆಮೇಲೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

"ಬಡ್ಡಿ ಇಲ್ಲದ ಕಂತು" ಅಂದರೆ ಹುಷಾರು. ಹೆಚ್ಚಿನ ಸಲ ಅದು ನಿಮ್ಮ ಹೆಸರಿನಲ್ಲಿ ಬೇರೊಂದು ಹಣಕಾಸು ಕಂಪನಿ ಕೊಡುವ ಸಾಲ. ನೀವು ಓದು ಬಿಟ್ಟರೂ ಸಾಲ ಬಿಡುವುದಿಲ್ಲ. ಸಹಿ ಹಾಕುವ ಮೊದಲು ಸಾಲ ಕೊಡುವವರು ಯಾರು, ಕೋರ್ಸ್ ಬಿಟ್ಟರೆ ಏನಾಗುತ್ತದೆ ಅಂತ ಓದಿ. ನಿಮ್ಮ ಕಂಪನಿ ಫೀಸಿನಲ್ಲಿ ಪಾಲು ಕೊಡುತ್ತದಾ ಅಂತಲೂ ಒಮ್ಮೆ ಕೇಳಿ. ಕೊಟ್ಟರೆ ಎಷ್ಟು ವರ್ಷ ಅಲ್ಲೇ ಇರಬೇಕು ಅನ್ನುವ ಬಾಂಡ್ ನೋಡಿ.

7. ಸೈಟ್ ಕ್ಯಾಲೆಂಡರ್ ನೋಡಿ ಸೆಮಿಸ್ಟರ್ ಹಾಕಿಕೊಳ್ಳಿ

ಕ್ರೆಡಿಟ್ ಅಂದರೆ ಓದಿನ ಅಳತೆ. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು ಅಂತ ಲೆಕ್ಕ ಇಟ್ಟುಕೊಳ್ಳಿ. ಮೂರು ಕ್ರೆಡಿಟ್‌ನ ಒಂದು ವಿಷಯ ಅಂದರೆ ವಾರಕ್ಕೆ ಒಂಬತ್ತು ಗಂಟೆ. ಎರಡು ವಿಷಯ ತೆಗೆದುಕೊಂಡರೆ ಹದಿನೆಂಟು. 30 ಕ್ರೆಡಿಟ್ ಅಂದರೆ ಹತ್ತು ವಿಷಯ. ಸೆಮಿಸ್ಟರ್‌ಗೆ ಒಂದೊಂದೇ ಮಾಡಿದರೆ ಐದು ವರ್ಷ, ಎರಡೆರಡು ಮಾಡಿದರೆ ಎರಡೂವರೆ.

ನನ್ನ ಸಲಹೆ: ಮೊದಲ ಸೆಮಿಸ್ಟರ್‌ನಲ್ಲಿ ಒಂದೇ ವಿಷಯ. ಎಷ್ಟೇ ಉತ್ಸಾಹ ಇದ್ದರೂ ಒಂದೇ. ಆಮೇಲೆ ಮಳೆಗಾಲ ನೋಡಿ ಏರಿಸಿ. ಮಲೆನಾಡು, ಕರಾವಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಅಗೆಯುವ ಕೆಲಸ, ರಸ್ತೆ ಕೆಲಸ ಇಳಿಯುತ್ತದೆ. ಕಷ್ಟದ ವಿಷಯ ಆಗ ಇಟ್ಟುಕೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಸರ್ಕಾರಿ ಕಾಮಗಾರಿ ಇರುವವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅಳತೆ ಪುಸ್ತಕ, ಬಿಲ್ಲು, ಮಾರ್ಚ್ ಎಂಡ್. ಆ ಸೆಮಿಸ್ಟರ್‌ಗೆ ಹಗುರದ್ದು ಒಂದೇ ಸಾಕು.

ಹೊರದೇಶದ ಕೋರ್ಸಿಗೆ ಗಡಿಯಾರದ ಸಮಸ್ಯೆಯೂ ಇದೆ. ಇಲಿನಾಯ್‌ನಲ್ಲಿ ಸಂಜೆ 5 ಗಂಟೆಯ ಪಾಠ ಅಂದರೆ ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ 4:30, ಬೇಸಿಗೆಯಲ್ಲಿ 3:30. ರೆಕಾರ್ಡ್ ಮಾಡಿದ ಪಾಠವನ್ನು ಬೇಕಾದಾಗ ನೋಡಬಹುದಾ ಅಂತ ಕೇಳಿ, ಅಂಥದ್ದನ್ನೇ ಆರಿಸಿ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಂದರೆ ನಮ್ಮ ಲೆಕ್ಕದಲ್ಲಿ ಕೊನೆಯ ಗಡುವು ಒಂದು ಗಂಟೆ ಮೊದಲೇ ಬರುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ಕ್ವಿಜ್ ಕಳೆದುಕೊಂಡಿದ್ದೇನೆ. ಮೊಬೈಲಿನಲ್ಲಿ ಆ ಊರಿನ ಗಡಿಯಾರವನ್ನೂ ಇಟ್ಟುಕೊಳ್ಳಿ.

8. ಓದುವ ಜಾಗ ಮತ್ತು ಸಲಕರಣೆ

16 ಜಿಬಿ ರ್‍ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಇರಲಿ. ಡಿಸೈನ್ ತಂತ್ರಾಂಶಗಳಾದ ಇಟ್ಯಾಬ್ಸ್, ಸ್ಟ್ಯಾಡ್ ಪ್ರೊ, ಪ್ಲಾನಿಂಗ್‌ಗೆ ಬಳಸುವ ಪ್ರಿಮಾವೆರಾ ಯಾವುದೇ ಆದರೂ ಕದ್ದ ಪ್ರತಿ ಹಾಕಬೇಡಿ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಪರವಾನಗಿ ಕೇಳಿ ಪಡೆಯಿರಿ. ನೀರಿನ ವಿಷಯದವರಿಗೆ ಹೆಕ್-ರಾಸ್, ಎಪಾನೆಟ್, ನಕ್ಷೆಗೆ ಕ್ಯೂಜಿಐಎಸ್ ಪೂರ್ತಿ ಉಚಿತ. ಕರೆಂಟ್ ಹೋಗುವ ಊರಾದರೆ ಇನ್ವರ್ಟರ್ ಮತ್ತು ಎರಡನೇ ಸಿಮ್ ಬೇಕೇ ಬೇಕು.

ಪರೀಕ್ಷೆಗೆ ಪ್ರಾಕ್ಟರಿಂಗ್ ಇರುತ್ತದೆ. ಅಂದರೆ ಕ್ಯಾಮೆರಾ ಮೂಲಕ ನಿಮ್ಮನ್ನು, ನಿಮ್ಮ ಕೋಣೆಯನ್ನು ಗಮನಿಸುವುದು. ಮಧ್ಯದಲ್ಲಿ ಅಮ್ಮ ಕಾಫಿ ತಂದರೂ ಅದು ದಾಖಲಾಗುತ್ತದೆ. ಮನೆಯಲ್ಲಿ ಮೊದಲೇ ಹೇಳಿಡಿ, ಬಾಗಿಲಿಗೆ ಚಿಲಕ ಹಾಕಿ. ಮಾದರಿ ಪರೀಕ್ಷೆ ಇದ್ದರೆ ತಪ್ಪದೆ ಬರೆದು ನೋಡಿ.

9. ಅಸೈನ್‌ಮೆಂಟ್ ಮತ್ತು ಪ್ರಾಜೆಕ್ಟ್

ಬಿ.ಇ.ಯಲ್ಲಿ ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆಯುವುದು ನಮ್ಮಲ್ಲಿ ಮಾಮೂಲಾಗಿತ್ತು. ಇಲ್ಲಿ ಅದು ನಡೆಯುವುದಿಲ್ಲ. ನಕಲು ಪತ್ತೆ ಮಾಡುವ ತಂತ್ರಾಂಶ ಇರುತ್ತದೆ, ಸಿಕ್ಕಿಬಿದ್ದರೆ ಕೋರ್ಸಿನಿಂದಲೇ ಹೊರಗೆ ಹಾಕಬಹುದು. ಎಐ ಬಳಸಬಹುದಾ ಅನ್ನುವುದು ಒಂದೊಂದು ವಿಷಯಕ್ಕೆ ಒಂದೊಂದು ರೀತಿ. ಮೊದಲ ವಾರವೇ ಪ್ರಾಧ್ಯಾಪಕರನ್ನು ಕೇಳಿ.

ಕ್ಯಾಪ್‌ಸ್ಟೋನ್, ಅಂದರೆ ಕೊನೆಯ ಪ್ರಾಜೆಕ್ಟ್, ಇದೆಯಾದರೆ ನಿಮಗೆ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಇಲ್ಲದ ಒಂದು ಆಸ್ತಿ ಇದೆ. ಅದು ನಿಮ್ಮ ಸೈಟ್. ಎರಡು ವರ್ಷದ ಕ್ಯೂಬ್ ಟೆಸ್ಟ್ ರಿಜಿಸ್ಟರ್ ತೆಗೆಯಿರಿ. 28 ದಿನದ ಫಲಿತಾಂಶಗಳನ್ನು ಋತುವಿನ ಪ್ರಕಾರ, ಬ್ಯಾಚಿಂಗ್ ಪ್ಲಾಂಟ್ ಪ್ರಕಾರ ಬೇರೆ ಮಾಡಿ. ಐಎಸ್ 456 ಹೇಳುವಂತೆ ನಾಲ್ಕು ಸತತ ಫಲಿತಾಂಶಗಳ ಸರಾಸರಿ ಇಟ್ಟು ನೋಡಿ. ಏರಿಳಿತ ಎಲ್ಲಿಂದ ಬರುತ್ತಿದೆ ಅನ್ನುವುದು ಕಾಣತೊಡಗುತ್ತದೆ. ದಿನಾ ಸಹಿ ಹಾಕಿ ಮುಚ್ಚಿಟ್ಟ ಪುಸ್ತಕದಲ್ಲೇ ಒಳ್ಳೆಯ ಪ್ರಾಜೆಕ್ಟ್ ಇರುತ್ತದೆ! ಆದರೆ ಆ ಅಂಕಿಅಂಶ ನಿಮ್ಮದಲ್ಲ, ಕಂಪನಿಯದು ಮತ್ತು ಕ್ಲೈಂಟ್‌ನದು. ಇಬ್ಬರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ. ಕಾಮಗಾರಿಯ ಹೆಸರು ತೆಗೆದುಬಿಡಿ.

10. ನಡುವೆ ನಿಲ್ಲಿಸಬೇಕಾದರೆ, ಮುಗಿದರೆ

ಪ್ರತಿ ಸೆಮಿಸ್ಟರ್‌ಗೂ ಒಂದು ವಿಷಯವನ್ನು ಕೈಬಿಡುವ ಕೊನೆಯ ದಿನಾಂಕ ಇರುತ್ತದೆ. ಸೇರಿದ ದಿನವೇ ಅದನ್ನು ಬರೆದುಕೊಳ್ಳಿ. ಬೇರೆ ಊರಿಗೆ ವರ್ಗ ಆಯಿತು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದಾಗ ಸುಮ್ಮನೆ ಪಾಠ ನೋಡುವುದು ನಿಲ್ಲಿಸಿದರೆ ಫೇಲ್ ಗ್ರೇಡ್ ಬರುತ್ತದೆ, ಫೀಸೂ ಹೋಗುತ್ತದೆ. ಗಡುವಿನ ಒಳಗೆ ಒಂದು ಅರ್ಜಿ ಹಾಕಿದರೆ ದಾಖಲೆ ಕೆಡುವುದಿಲ್ಲ, ಕೆಲವೊಮ್ಮೆ ಹಣದ ಒಂದು ಪಾಲೂ ವಾಪಸ್ ಬರುತ್ತದೆ.

ಮುಗಿದ ಮೇಲೆ ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ಎರಡು ಮೂರು ಪ್ರತಿ ಹೆಚ್ಚಿಗೆ ತರಿಸಿಕೊಳ್ಳಿ. ಹೊರದೇಶದ ಪದವಿಯಾದರೆ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಬೇಕಾಗಬಹುದು. ಅಂದರೆ ದಾಖಲೆ ಅಸಲಿ ಅಂತ ಅದನ್ನು ಕೊಟ್ಟ ದೇಶವೇ ಹಾಕುವ ಮುದ್ರೆ. ಅಮೆರಿಕದ ಪದವಿಗೆ ಅದನ್ನು ಹಾಕಿಸಬೇಕಾದ್ದು ಆ ವಿಶ್ವವಿದ್ಯಾಲಯ ಇರುವ ರಾಜ್ಯದ ಕಚೇರಿಯಲ್ಲಿ, ಇಲ್ಲಿ ಆಗುವುದಿಲ್ಲ. ಪ್ರಮಾಣಪತ್ರ ಅಂಚೆಗೆ ಬೀಳುವ ಮೊದಲೇ ರಿಜಿಸ್ಟ್ರಾರ್ ಕಚೇರಿಗೆ ಬರೆದು ಕೇಳಿ.